ಬಾಹ್ಯಾಕಾಶ ಸಂಸ್ಥೆಗಳಿಗೆ ಕನ್ನ: ಯಾವುದು ಗುಟ್ಟಾಗಿರಬೇಕು, ಯಾವುದು ಬಯಲಾಗಬೇಕು?

ಸರ್ಕಾರಿ ಬಾಹ್ಯಾಕಾಶ ಸಂಸ್ಥೆಯೊಂದರ ಕಂಪ್ಯೂಟರುಗಳಿಗೆ ಹ್ಯಾಕರ್‌ಗಳು ನುಗ್ಗಿದರೆಂಬ ಸುದ್ದಿ ಬಂದಾಗಲೆಲ್ಲ ಜನರ ಮಾತು ಎರಡು ದಿಕ್ಕಿಗೆ ಹರಿಯುತ್ತದೆ. ದೇಶದ ಭದ್ರತೆಗೆ ಧಕ್ಕೆಯಾಯಿತು, ತಪ್ಪಿತಸ್ಥರನ್ನು ಹಿಡಿದು ಶಿಕ್ಷಿಸಬೇಕು ಎನ್ನುವವರು ಒಂದು ಕಡೆ. ತೆರಿಗೆದಾರರ ಹಣದಲ್ಲಿ ನಡೆಯುವ ಸಂಸ್ಥೆ ತನ್ನ ಕಡತಗಳನ್ನು ಜನರಿಂದ ಮುಚ್ಚಿಡುವುದೇಕೆ, ಯಾರೋ ಒಬ್ಬರು ಅವನ್ನು ಬಯಲಿಗೆಳೆದರೆ ತಪ್ಪೇನು ಎನ್ನುವವರು ಇನ್ನೊಂದು ಕಡೆ. ಸಂಸ್ಥೆಯ ಒಳಗಿರುವುದೆಲ್ಲ ಗುಟ್ಟು, ಹ್ಯಾಕರ್ ಹೊರತರುವುದು ಆ ಗುಟ್ಟನ್ನೇ ಎಂಬ ಊಹೆ ಇಬ್ಬರ ಮಾತಿನ ತಳದಲ್ಲೂ ಇದೆ. ಕಳೆದ ಮೂರೂವರೆ ದಶಕಗಳಲ್ಲಿ ನಡೆದ ಘಟನೆಗಳನ್ನು ಹತ್ತಿರದಿಂದ ನೋಡಿದರೆ ಆ ಊಹೆಗೆ ಆಧಾರ ಸಿಗುವುದು ಕಷ್ಟ. ಜನರಿಗೆ ನಿಜಕ್ಕೂ ತಿಳಿಯಬೇಕಾದ ಒಂದು ಸಂಗತಿ ಮಾತ್ರ ಈ ಗದ್ದಲದಲ್ಲಿ ಮರೆಯಾಗುತ್ತಿದೆ. ಕನ್ನ ಬಿದ್ದದ್ದು ಹೇಗೆ, ಎಲ್ಲಿಯವರೆಗೆ, ಯಾರ ಅಜಾಗರೂಕತೆಯಿಂದ ಎಂಬುದೇ ಆ ಸಂಗತಿ.

ಮೊದಲು ಇಂಥ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ಸ್ಥೂಲವಾಗಿ ಅದರಲ್ಲಿ ಮೂರು ಪದರಗಳಿವೆ. ಹೊರಪದರದಲ್ಲಿರುವುದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ವೈಜ್ಞಾನಿಕ ದತ್ತಾಂಶ. ನಾಸಾವನ್ನು ಹುಟ್ಟುಹಾಕಿದ 1958ರ ಕಾಯ್ದೆಯೇ ಸಂಸ್ಥೆಯ ಚಟುವಟಿಕೆಗಳ ಮತ್ತು ಅವುಗಳ ಫಲಿತಾಂಶದ ಮಾಹಿತಿಯನ್ನು ಸಾಧ್ಯವಾದಷ್ಟು ವ್ಯಾಪಕವಾಗಿ ಹಂಚಬೇಕೆಂದು ವಿಧಿಸುತ್ತದೆ. ಗ್ರಹಗಳತ್ತ ಹೋದ ನೌಕೆಗಳು ಕಳಿಸಿದ ಚಿತ್ರಗಳು ಮತ್ತು ಅಳತೆಗಳು ಸಾರ್ವಜನಿಕ ಭಂಡಾರದಲ್ಲಿವೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 2008ರಿಂದ ಉಚಿತವಾಗಿ ಸಿಗುತ್ತಿವೆ, ಯುರೋಪಿನ ಸೆಂಟಿನೆಲ್ ಉಪಗ್ರಹಗಳ ದತ್ತಾಂಶವೂ ಮುಕ್ತವಾಗಿದೆ, ಚಂದ್ರಯಾನ-2ರ ಕಕ್ಷಾನೌಕೆಯ ದತ್ತಾಂಶವನ್ನು ಇಸ್ರೊ ತನ್ನ 'ಪ್ರದಾನ್' ಜಾಲತಾಣದ ಮೂಲಕ ಕೊಡುತ್ತಿದೆ. ನಡುವಿನ ಪದರ ಕಚೇರಿ ಮತ್ತು ಸಂಶೋಧನೆಯದು: ನೌಕರರ ಇಮೇಲ್, ಸಂಬಳದ ವಿವರ, ಗುತ್ತಿಗೆದಾರರ ಪತ್ರಗಳು, ಎಂಜಿನಿಯರುಗಳ ನಕ್ಷೆಗಳು, ಅರ್ಧಕ್ಕೆ ನಿಂತ ಲೆಕ್ಕಾಚಾರಗಳು. ಒಳಪದರ ನೌಕೆಗಳನ್ನು ನಡೆಸುವ ವ್ಯವಸ್ಥೆ. ನಿಯಂತ್ರಣ ಕೊಠಡಿಯಿಂದ ಹೊರಟ ಆಜ್ಞೆಗಳು ಭೂಕೇಂದ್ರದ ಆಂಟೆನಾದ ಮೂಲಕ ಕಕ್ಷೆಗೆ ಏರುವುದು ಇಲ್ಲಿಂದ.

ಕನ್ನ ಬೀಳುವುದು ಹೆಚ್ಚಾಗಿ ನಡುವಿನ ಪದರಕ್ಕೆ. ಬಾಹ್ಯಾಕಾಶ ವಿಜ್ಞಾನ ಒಂಟಿಯಾಗಿ ನಡೆಯುವ ಕೆಲಸವಲ್ಲದಿರುವುದೇ ಇದಕ್ಕೆ ಕಾರಣ. ಒಂದು ನೌಕೆಯ ಉಪಕರಣವನ್ನು ಬೇರೆ ದೇಶದ ವಿಶ್ವವಿದ್ಯಾಲಯವೊಂದು ಕಟ್ಟಿರುತ್ತದೆ, ತಂತ್ರಾಂಶವನ್ನು ಖಾಸಗಿ ಕಂಪನಿ ಬರೆದಿರುತ್ತದೆ, ವಿಶ್ಲೇಷಣೆಯನ್ನು ಮತ್ತೊಂದು ಖಂಡದಲ್ಲಿರುವ ತಂಡ ಮಾಡುತ್ತಿರುತ್ತದೆ. ಇವರೆಲ್ಲರಿಗೂ ಒಳಗೆ ಬರುವ ಖಾತೆಗಳನ್ನು ಕೊಡಲೇಬೇಕು. ಹೀಗೆ ಸಹಕಾರಕ್ಕೆಂದು ತೆರೆದಿಟ್ಟ ದಾರಿಯಲ್ಲೇ ಹ್ಯಾಕರ್ ಕೂಡ ಬರುತ್ತಾನೆ.

ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ, ಅಂದರೆ ಮಂಗಳನ ಮೇಲೆ ರೋವರುಗಳನ್ನು ಓಡಿಸುವ ನಾಸಾ ಪ್ರಯೋಗಾಲಯದಲ್ಲಿ, 2018ರ ಏಪ್ರಿಲ್‌ನಲ್ಲಿ ಪತ್ತೆಯಾದ ಕನ್ನ ಇದಕ್ಕೆ ಸ್ಪಷ್ಟವಾದ ನಿದರ್ಶನ. ಹೊರಗಿನ ಬಳಕೆದಾರರೊಬ್ಬರ ಖಾತೆಯನ್ನು ಯಾರೋ ವಶಪಡಿಸಿಕೊಂಡು ಪ್ರಮುಖ ಯೋಜನೆಯೊಂದರ ವ್ಯವಸ್ಥೆಯಿಂದ 23 ಕಡತಗಳನ್ನು, ಒಟ್ಟು ಸುಮಾರು 500 ಮೆಗಾಬೈಟ್ ಮಾಹಿತಿಯನ್ನು ಹೊತ್ತೊಯ್ದಿದ್ದರು. ಕ್ಯೂರಿಯಾಸಿಟಿ ರೋವರಿನ ಯೋಜನೆಗೆ ಸೇರಿದ, ರಫ್ತು ನಿಯಂತ್ರಣ ಕಾನೂನಿನ ವ್ಯಾಪ್ತಿಗೆ ಬರುವ ಎರಡು ಕಡತಗಳೂ ಅವುಗಳಲ್ಲಿದ್ದವು. ಅವರು ಒಳಗೆ ಬಂದದ್ದು ಅಂಗೈ ಅಗಲದ, ವಿದ್ಯಾರ್ಥಿಗಳು ಕಲಿಯಲೆಂದು ಬಳಸುವ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಂಪ್ಯೂಟರಿನ ಮೂಲಕ. ಅದನ್ನು ಅನುಮತಿಯಿಲ್ಲದೆ ಪ್ರಯೋಗಾಲಯದ ಜಾಲಕ್ಕೆ ಜೋಡಿಸಲಾಗಿತ್ತು. ಜಾಲಕ್ಕೆ ಸೇರಿದ ಪ್ರತಿ ಯಂತ್ರವೂ ದಾಖಲಾಗಬೇಕಿದ್ದ ಪಟ್ಟಿ ಅಪೂರ್ಣವಾಗಿತ್ತು, ಜಾಲದ ಭಾಗಗಳನ್ನು ಒಂದರಿಂದ ಒಂದಕ್ಕೆ ಬೇರ್ಪಡಿಸಿರಲಿಲ್ಲ. ಹೀಗಾಗಿ ಒಂದು ಮೂಲೆಯಿಂದ ಬಂದವರು ಉಳಿದ ಕಡೆಗೂ ಸಾಗಿದರು, ಸುಮಾರು 10 ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದರು. ಮಾನವಸಹಿತ ಯಾನಗಳನ್ನು ನಿರ್ವಹಿಸುವ ಹ್ಯೂಸ್ಟನ್‌ನ ಜಾನ್ಸನ್ ಕೇಂದ್ರವು ತನ್ನ ವ್ಯವಸ್ಥೆಗೂ ಅವರು ದಾಟಿಕೊಂಡು ಬಂದಾರೆಂಬ ಭಯದಿಂದ ಪ್ರಯೋಗಾಲಯದ ಜೊತೆಗಿನ ಸಂಪರ್ಕವನ್ನೇ ಕೆಲಕಾಲ ಕಡಿದುಕೊಂಡಿತು.

ಈ ವಿವರಗಳನ್ನೆಲ್ಲ ಜಗತ್ತಿಗೆ ತಿಳಿಸಿದ್ದು ಯಾವ ಹ್ಯಾಕರ್ ಗುಂಪೂ ಅಲ್ಲ. ನಾಸಾದ ಒಳಗೇ ಇರುವ, ಆದರೆ ಅದರ ಆಡಳಿತದಿಂದ ಸ್ವತಂತ್ರವಾಗಿ ಕೆಲಸ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ. 2019ರ ಜೂನ್‌ನಲ್ಲಿ ಅದು ಪ್ರಕಟಿಸಿದ ಲೆಕ್ಕಪರಿಶೋಧನಾ ವರದಿಯನ್ನು ಯಾರು ಬೇಕಾದರೂ ಓದಬಹುದು. ಅದೇ ಕಚೇರಿಯ ಮುಖ್ಯಸ್ಥ ಪಾಲ್ ಮಾರ್ಟಿನ್ 2012ರ ಫೆಬ್ರುವರಿಯಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ಕೊಟ್ಟ ಸಾಕ್ಷ್ಯ ಇನ್ನೂ ಕಟುವಾಗಿತ್ತು. 2010 ಮತ್ತು 2011ರಲ್ಲಿ ನಾಸಾದಲ್ಲಿ 5,408 ಕಂಪ್ಯೂಟರ್ ಭದ್ರತಾ ಪ್ರಕರಣಗಳು ವರದಿಯಾಗಿದ್ದವು. ಕಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನಿಯಂತ್ರಣಕ್ಕೆ ಸಂಬಂಧಿಸಿದ ಅಲ್ಗಾರಿದಮ್‌ಗಳನ್ನು ಒಳಗೊಂಡಿತ್ತು, ಮತ್ತು ಅದರಲ್ಲಿದ್ದ ಮಾಹಿತಿಗೆ ಗೂಢಲಿಪಿಯ ರಕ್ಷಣೆ ಇರಲಿಲ್ಲ. ಸಂಸ್ಥೆಯ ಲ್ಯಾಪ್‌ಟಾಪ್ ಮೊದಲಾದ ಸಾಧನಗಳಲ್ಲಿ ಅಂಥ ರಕ್ಷಣೆ ಇದ್ದದ್ದು ಶೇ 1ರಷ್ಟಕ್ಕೆ ಮಾತ್ರ. ಸಾಕ್ಷ್ಯ ಮುಗಿದು ಎಂಟು ತಿಂಗಳಿಗೆ, ನಾಸಾ ನೌಕರರೊಬ್ಬರ ವಾಹನದಿಂದ ಮತ್ತೊಂದು ಲ್ಯಾಪ್‌ಟಾಪ್ ಕಳುವಾಗಿ ಅಪಾರ ಸಂಖ್ಯೆಯ ಸಿಬ್ಬಂದಿಯ ವೈಯಕ್ತಿಕ ವಿವರಗಳು ಕೈತಪ್ಪಿದವು. ಅದಕ್ಕೂ ಗೂಢಲಿಪಿ ಇರಲಿಲ್ಲ. ಆಡಳಿತಕ್ಕೆ ಮುಜುಗರ ತರುವ ಇಂಥ ಮಾಹಿತಿಯನ್ನು ಆಡಳಿತದ ಅಂಗವೇ ಅಂಕಿಸಂಖ್ಯೆಗಳೊಂದಿಗೆ ಹೊರಗಿಟ್ಟಿತು ಎಂಬುದನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ಏಕೆಂದರೆ ಪಾರದರ್ಶಕತೆಗಾಗಿ ಕನ್ನ ಹಾಕಿದೆವು ಎಂದವರಲ್ಲಿ ಯಾರೂ ಇಷ್ಟು ಉಪಯುಕ್ತವಾದದ್ದನ್ನು ಜನರಿಗೆ ಕೊಟ್ಟಿಲ್ಲ.

ಒಳಪದರಕ್ಕೆ ಯಾರೂ ಮುಟ್ಟಿಲ್ಲವೆಂದು ಹೇಳಲಾಗದು. ಲ್ಯಾಂಡ್‌ಸ್ಯಾಟ್-7 ಉಪಗ್ರಹದ ಸಂಕೇತಗಳಲ್ಲಿ 2007 ಮತ್ತು 2008ರಲ್ಲಿ ತಲಾ 12 ನಿಮಿಷಕ್ಕೂ ಹೆಚ್ಚು ಕಾಲ ಹಸ್ತಕ್ಷೇಪ ನಡೆಯಿತೆಂದು ಕಾಂಗ್ರೆಸ್ ನೇಮಿಸಿದ ಅಮೆರಿಕ-ಚೀನಾ ಪರಿಶೀಲನಾ ಆಯೋಗ 2011ರಲ್ಲಿ ವರದಿ ಮಾಡಿತು. ಟೆರ್ರಾ ಎಂಬ ಭೂವೀಕ್ಷಣಾ ಉಪಗ್ರಹದ ವಿಷಯದಲ್ಲಂತೂ ಆಜ್ಞೆ ಕೊಡಲು ಬೇಕಾದ ಎಲ್ಲ ಹಂತಗಳನ್ನೂ ಪೂರೈಸಿದ ಅಪರಿಚಿತರು ಆಜ್ಞೆಯನ್ನು ಮಾತ್ರ ಕಳಿಸದೆ ಬಿಟ್ಟಿದ್ದರು. ಉಪಗ್ರಹವನ್ನು ಕೆಡಿಸಲು ಅದರ ಬಳಿಗೆ ಹೋಗಬೇಕಿಲ್ಲ, ನೆಲದ ಮೇಲಿರುವ ಕೇಂದ್ರದ ಕಂಪ್ಯೂಟರನ್ನು ಹಿಡಿದರೆ ಸಾಕು ಎಂಬುದನ್ನು ಈ ಘಟನೆ ತಿಳಿಸುತ್ತದೆ. ಆದ್ದರಿಂದ ಎಲ್ಲವನ್ನೂ ತೆರೆದಿಡಿ ಎಂಬ ವಾದವನ್ನು ಒಳಪದರದ ಮಟ್ಟಿಗೆ ಒಪ್ಪುವುದು ಅಸಾಧ್ಯ.

ಇನ್ನು ಜನರ ಹೆಸರಿನಲ್ಲಿ ಕನ್ನ ಹಾಕಿದವರ ಕಡೆಗೆ ಬರೋಣ. 1989ರ ಅಕ್ಟೋಬರ್‌ನಲ್ಲಿ, ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆಯ ಉಡಾವಣೆಗೆ ಇನ್ನೇನು ಗಳಿಗೆ ಕೂಡಿಬಂತು ಎನ್ನುವಾಗ ನಾಸಾದ ಜಾಲದ ಕಂಪ್ಯೂಟರುಗಳಲ್ಲಿ ಪರಮಾಣು ಅಸ್ತ್ರಗಳನ್ನು ವಿರೋಧಿಸುವ ಘೋಷಣೆಯೊಂದು ಮೂಡತೊಡಗಿತು. ತಾನಾಗಿ ಹರಡುವ 'ವ್ಯಾಂಕ್' ಎಂಬ ವರ್ಮ್ ಅದನ್ನು ತಂದಿತ್ತು. ಗೆಲಿಲಿಯೊ ತನ್ನ ವಿದ್ಯುತ್ತಿಗಾಗಿ ಪ್ಲುಟೋನಿಯಂ ಹೊತ್ತಿತ್ತು; ಉಡಾವಣೆ ವಿಫಲವಾದರೆ ಅದು ವಾತಾವರಣದಲ್ಲಿ ಚದುರಬಹುದೆಂಬ ಆತಂಕ ಜನರಲ್ಲಿತ್ತು, ಉಡಾವಣೆಯನ್ನು ತಡೆಯಬೇಕೆಂದು ಕೋರಿ ಹೋರಾಟಗಾರರು ನ್ಯಾಯಾಲಯಕ್ಕೂ ಹೋಗಿದ್ದರು. ವರ್ಮ್ ಮಾಡಿದ್ದೇನು? ಬಳಕೆದಾರರ ಹೆಸರನ್ನೇ ಪಾಸ್‌ವರ್ಡ್ ಆಗಿ ಇಟ್ಟುಕೊಂಡ ಖಾತೆಗಳನ್ನು ಹುಡುಕಿ ಒಳನುಗ್ಗಿತು, ಕಡತಗಳನ್ನು ಅಳಿಸುತ್ತಿರುವಂತೆ ಪರದೆಯ ಮೇಲೆ ನಟಿಸಿತು, ನಿಜವಾಗಿ ಅಳಿಸಲಿಲ್ಲ. ನೌಕೆ ಅಕ್ಟೋಬರ್ 18ರಂದು ಅಟ್ಲಾಂಟಿಸ್ ಶಟಲ್‌ನಲ್ಲಿ ಏರಿತು. ಪ್ಲುಟೋನಿಯಂನ ಅಪಾಯ ಎಷ್ಟು ಎಂಬ ಪ್ರಶ್ನೆಗೆ ವರ್ಮ್‌ನಿಂದ ಒಂದು ಸಾಲಿನಷ್ಟೂ ಹೊಸ ಮಾಹಿತಿ ಸಿಗಲಿಲ್ಲ. ಆ ಚರ್ಚೆಗೆ ಆಧಾರವಾಗಿದ್ದದ್ದು ಕಾನೂನಿನ ಪ್ರಕಾರ ಪ್ರಕಟವಾಗಲೇಬೇಕಿದ್ದ ಪರಿಸರ ಪರಿಣಾಮದ ವರದಿ.

ಬ್ರಿಟನ್ನಿನ ಗ್ಯಾರಿ ಮ್ಯಾಕಿನನ್ ಪ್ರಕರಣ ಹೆಚ್ಚು ಸಂಕೀರ್ಣವಾದದ್ದು, ಮನಸ್ಸನ್ನು ಹೆಚ್ಚು ಕಲಕುವಂಥದ್ದು. 2001ರ ಫೆಬ್ರುವರಿಯಿಂದ 2002ರ ಮಾರ್ಚ್‌ವರೆಗೆ ಅಮೆರಿಕದ ಸೇನೆ ಮತ್ತು ನಾಸಾಕ್ಕೆ ಸೇರಿದ 97 ಕಂಪ್ಯೂಟರುಗಳಿಗೆ ಆತ ನುಗ್ಗಿದನೆಂದು ಅಮೆರಿಕ ಆರೋಪಿಸಿತು. ಹಾರುವ ತಟ್ಟೆಗಳ ಬಗ್ಗೆ, ಅನ್ಯಲೋಕದ ತಂತ್ರಜ್ಞಾನದಿಂದ ದೊರೆತ ಶಕ್ತಿಮೂಲಗಳ ಬಗ್ಗೆ ಸರ್ಕಾರ ಮುಚ್ಚಿಟ್ಟಿರುವ ಸಾಕ್ಷ್ಯವನ್ನು ಹುಡುಕುತ್ತಿದ್ದೆನೆಂಬುದು ಆತನ ವಿವರಣೆ. ಲಂಡನ್ನಿನ ಮನೆಯೊಂದರಿಂದ, ಟೆಲಿಫೋನ್ ತಂತಿಯ ನಿಧಾನಗತಿಯ ಸಂಪರ್ಕದಲ್ಲಿ, ಪಾಸ್‌ವರ್ಡೇ ಇಲ್ಲದ ಆಡಳಿತ ಖಾತೆಗಳನ್ನು ಸಾಲಾಗಿ ಹುಡುಕುವ ಚಿಕ್ಕದೊಂದು ಪ್ರೋಗ್ರಾಂ ಹಿಡಿದು ಆತ ಇಷ್ಟು ದೂರ ಬಂದಿದ್ದ. ವಿಚಿತ್ರ ಆಕಾರದ ವಸ್ತುವಿನ ಚಿತ್ರವೊಂದು ಪರದೆಯ ಮೇಲೆ ಅರ್ಧ ಮೂಡುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತೆಂದು ಆಮೇಲೆ ಹೇಳಿದ, ಆದರೆ ತೋರಿಸಲು ಆತನ ಬಳಿ ಯಾವ ಚಿತ್ರವೂ ಇರಲಿಲ್ಲ. ಸೇನೆಯ ಮುಖ್ಯ ಕಡತಗಳನ್ನು ಅಳಿಸಿ ಕಂಪ್ಯೂಟರುಗಳನ್ನು ನಿಷ್ಕ್ರಿಯಗೊಳಿಸಿದ ಆರೋಪವನ್ನೂ ಅಮೆರಿಕ ಹೊರಿಸಿತ್ತು. ಹಾನಿ ಮಾಡುವ ಉದ್ದೇಶ ತನಗಿರಲಿಲ್ಲವೆಂದು ಆತ ಹೇಳುತ್ತ ಬಂದ. ಗಡೀಪಾರಿನ ಹೋರಾಟ ಹತ್ತು ವರ್ಷ ನಡೆಯಿತು. ಆಸ್ಪರ್ಜರ್ ಸಿಂಡ್ರೋಮ್ ಎಂಬ, ಆಟಿಸಂ ಬಗೆಯ ಸ್ಥಿತಿ ಇರುವ ಆತನನ್ನು ಅಮೆರಿಕಕ್ಕೆ ಕಳಿಸಿದರೆ ಜೀವಕ್ಕೇ ಅಪಾಯವಿದೆಯೆಂಬ ಕಾರಣಕ್ಕೆ ಆಗಿನ ಗೃಹ ಸಚಿವೆ ತೆರೆಸಾ ಮೇ 2012ರ ಅಕ್ಟೋಬರ್‌ನಲ್ಲಿ ಗಡೀಪಾರನ್ನು ತಡೆದರು, ಅದೇ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಅಭಿಯೋಜಕರೂ ಮೊಕದ್ದಮೆ ಹೂಡದಿರಲು ನಿರ್ಧರಿಸಿದರು.

ಆ ತಡೆ ಮಾನವೀಯವಾಗಿತ್ತು, ಸರಿಯಾಗಿಯೂ ಇತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಪಾರದರ್ಶಕತೆಯ ದೃಷ್ಟಿಯಿಂದ ಈ ಪ್ರಕರಣದಲ್ಲಿ ಉಳಿಯುವ ಪಾಠ ಬೇರೆಯದು. ಅನುಮತಿಯಿಲ್ಲದೆ, ಸಾಕ್ಷಿಯಿಲ್ಲದೆ, ದಾಖಲೆಯ ಮೂಲವನ್ನು ಸಾಬೀತುಪಡಿಸುವ ದಾರಿಯಿಲ್ಲದೆ ನೋಡಿದ ಸಂಗತಿಯನ್ನು ಸಾರ್ವಜನಿಕರು ನಂಬುವುದಕ್ಕೂ ಆಗದು, ಅಲ್ಲಗಳೆಯುವುದಕ್ಕೂ ಆಗದು. ನಂಬುವವರು ಮೊದಲೇ ನಂಬಿದ್ದರು, ನಂಬದವರ ಮನಸ್ಸು ಬದಲಾಗುವುದಿಲ್ಲ. ಈ ಪ್ರಕರಣದಲ್ಲಿ ನಿಸ್ಸಂದೇಹವಾಗಿ ಬಯಲಾದ ಸತ್ಯವೆಂದರೆ ಸೇನೆಯ ಕೆಲವು ಕಂಪ್ಯೂಟರುಗಳಿಗೆ ಪಾಸ್‌ವರ್ಡ್ ಕೂಡ ಇರಲಿಲ್ಲ ಎಂಬುದು. ಆ ಬಗ್ಗೆ ಅಧಿಕಾರಿಗಳನ್ನು ಪ್ರಶ್ನಿಸಿದವರು ಎಷ್ಟು ಕಡಿಮೆಯೆಂದು ನೆನೆದರೆ ಬೇಸರವಾಗುತ್ತದೆ.

2016ರಲ್ಲಿ 'ಅನಾನ್‌ಸೆಕ್' ಎಂಬ ಗುಂಪು ನಾಸಾದಿಂದ ಕದ್ದದ್ದೆಂದು ಹೇಳಿ ಬೃಹತ್ ದತ್ತಾಂಶದ ರಾಶಿಯನ್ನು ಬಿಡುಗಡೆ ಮಾಡಿದಾಗ ಇದೇ ಕೊರತೆ ಇನ್ನೊಂದು ರೂಪದಲ್ಲಿ ಕಾಣಿಸಿತು. ಹವಾಮಾನವನ್ನು ಬದಲಿಸುವ ಗುಪ್ತ ಪ್ರಯೋಗಗಳನ್ನು ಜನರ ಗಮನಕ್ಕೆ ತರುವುದು ತಮ್ಮ ಉದ್ದೇಶವೆಂದು ಗುಂಪು ಹೇಳಿಕೊಂಡಿತು, ಸಂಶೋಧನೆಗೆ ಬಳಸುವ ಗ್ಲೋಬಲ್ ಹಾಕ್ ಎಂಬ ಮಾನವರಹಿತ ವಿಮಾನದ ಹಾದಿಯನ್ನು ತಿರುಗಿಸಲು ಯತ್ನಿಸಿದೆವೆಂದೂ ಹೇಳಿತು. ವಿಮಾನದ ನಿಯಂತ್ರಣ ಕೈತಪ್ಪಿರಲಿಲ್ಲ, ಬಿಡುಗಡೆಯಾದ ದತ್ತಾಂಶ ಮೊದಲೇ ಸಾರ್ವಜನಿಕವಾಗಿದ್ದದ್ದಲ್ಲದೆ ಬೇರೆ ಎನ್ನುವುದಕ್ಕೆ ಪುರಾವೆಯಿಲ್ಲ ಎಂದು ನಾಸಾ ಉತ್ತರಿಸಿತು. ರಾಶಿಯಲ್ಲಿದ್ದದ್ದು ಬಹುಪಾಲು ವಿಮಾನಗಳ ವಿಡಿಯೊ ಮತ್ತು ಹಾರಾಟದ ದಾಖಲೆಗಳು. ಜೊತೆಗೆ ಸಾವಿರಾರು ನೌಕರರ ಹೆಸರು, ಇಮೇಲ್, ದೂರವಾಣಿ ಸಂಖ್ಯೆಗಳು. ಸಾರ್ವಜನಿಕ ಹಿತಕ್ಕೆಂದು ಮಾಡಿದ ಕೆಲಸದಲ್ಲಿ ಖಾಸಗಿತನ ಕಳೆದುಕೊಂಡವರು ನಿರ್ಧಾರ ಮಾಡುವ ಅಧಿಕಾರವೇ ಇಲ್ಲದ ಸಾಮಾನ್ಯ ಸಿಬ್ಬಂದಿ.

ಇಷ್ಟು ಹೇಳಿದ ಮೇಲೆ ಸಂಸ್ಥೆಗಳ ಕಡೆಯ ವಾದವನ್ನೂ ಅಷ್ಟೇ ನಿಷ್ಠುರವಾಗಿ ನೋಡಬೇಕು. ಗುಟ್ಟಿಗೆ ಅವು ಕೊಡುವ ಕಾರಣಗಳಲ್ಲಿ ಕೆಲವು ನಿಜಕ್ಕೂ ಗಟ್ಟಿಯಾಗಿವೆ. ಉಪಗ್ರಹವನ್ನು ಹೊತ್ತೊಯ್ಯುವ ರಾಕೆಟ್ಟಿಗೂ ಸಿಡಿತಲೆಯನ್ನು ಹೊತ್ತೊಯ್ಯುವ ಕ್ಷಿಪಣಿಗೂ ತಂತ್ರಜ್ಞಾನ ಬಹುಪಾಲು ಒಂದೇ. ಅದಕ್ಕಾಗಿಯೇ ರಫ್ತು ನಿಯಂತ್ರಣದ ಕಾನೂನುಗಳಿವೆ. ನೌಕರರ ಸುರಕ್ಷತೆಯೂ ನೆಪವಲ್ಲ. ಗುರುತಿಸಲಾಗದ ಆಕಾಶದ ವಿದ್ಯಮಾನಗಳ ಕುರಿತು ನಾಸಾ ನೇಮಿಸಿದ ಸ್ವತಂತ್ರ ತಂಡ 2023ರ ಸೆಪ್ಟೆಂಬರ್ 14ರಂದು ವರದಿ ಕೊಟ್ಟಾಗ, ಆ ಸಂಶೋಧನೆಗೆ ನೇಮಕವಾದ ನಿರ್ದೇಶಕರ ಹೆಸರನ್ನು ಸಂಸ್ಥೆ ಹೇಳಲಿಲ್ಲ. ತಂಡದ ಸದಸ್ಯರಿಗೆ ಬಂದಿದ್ದ ಬೆದರಿಕೆ ಮತ್ತು ಕಿರುಕುಳ ಅದಕ್ಕೆ ಕಾರಣವಾಗಿತ್ತು. ಪಾರದರ್ಶಕತೆಯ ಬಗ್ಗೆಯೇ ಮಾತನಾಡುವ ವರದಿಯ ದಿನ ಹೆಸರು ಮುಚ್ಚಿಟ್ಟದ್ದಕ್ಕೆ ಟೀಕೆ ಎದ್ದಿತು, ಅದೇ ದಿನ ಹೆಸರು ಪ್ರಕಟವಾಯಿತು. ಇಬ್ಬರ ಕಾಳಜಿಯೂ ನ್ಯಾಯವಾಗಿದ್ದ ಅಪರೂಪದ ಜಗಳ ಅದು.

ಆದರೆ ಭದ್ರತೆಯ ಹೆಸರಿನಲ್ಲಿ ಮುಜುಗರವನ್ನು ಮುಚ್ಚಿಡುವ ಅಭ್ಯಾಸವೂ ಅಷ್ಟೇ ಹಳೆಯದು. 1960ರ ಅಕ್ಟೋಬರ್‌ನಲ್ಲಿ ಬೈಕನೂರಿನ ಉಡಾವಣಾ ವೇದಿಕೆಯಲ್ಲೇ ಕ್ಷಿಪಣಿಯೊಂದು ಸ್ಫೋಟಿಸಿ ಮಾರ್ಷಲ್ ನೆಡೆಲಿನ್ ಸೇರಿದಂತೆ ಹಲವರು ಸುಟ್ಟುಹೋದದ್ದನ್ನು ಸೋವಿಯತ್ ಒಕ್ಕೂಟ ಸುಮಾರು ಮೂರು ದಶಕ ಒಪ್ಪಿಕೊಳ್ಳಲಿಲ್ಲ. ನೆಡೆಲಿನ್ ವಿಮಾನ ಅಪಘಾತದಲ್ಲಿ ತೀರಿಕೊಂಡರೆಂದು ಹೇಳಿತು. ಇದಕ್ಕೆ ವಿರುದ್ಧವಾಗಿ 1986ರಲ್ಲಿ ಅಮೆರಿಕದ ಚಾಲೆಂಜರ್ ಶಟಲ್ ದುರಂತದ ವಿಚಾರಣೆ ಬಹುಮಟ್ಟಿಗೆ ಸಾರ್ವಜನಿಕವಾಗಿಯೇ ನಡೆಯಿತು, ರಬ್ಬರಿನ ಸೀಲ್ ಚಳಿಗೆ ಸೆಟೆದುಕೊಳ್ಳುತ್ತದೆಂಬುದನ್ನು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎಲ್ಲರ ಕಣ್ಣೆದುರು ತೋರಿಸಿದರು. ಭಾರತದಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ವಿಧಿ ದೇಶದ ಭದ್ರತೆಯ ಜೊತೆಗೆ ಅದರ ವೈಜ್ಞಾನಿಕ ಹಿತಾಸಕ್ತಿಯ ಕಾರಣಕ್ಕೂ ಮಾಹಿತಿ ನಿರಾಕರಿಸಲು ಅವಕಾಶ ಕೊಡುತ್ತದೆ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ್ದರ ಬಗ್ಗೆ ಲೋಕಸಭೆಗೆ ಬಂದದ್ದು ಚಿಕ್ಕದೊಂದು ಲಿಖಿತ ಉತ್ತರ; ಕಾರಣಗಳನ್ನು ಇಸ್ರೊದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರವಾಗಿ ಬಿಡಿಸಿ ಹೇಳಿದ್ದು ಚಂದ್ರಯಾನ-3ರ ಉಡಾವಣೆಯ ಹೊತ್ತಿಗೆ, ಸುಮಾರು ನಾಲ್ಕು ವರ್ಷಗಳ ನಂತರ. ಅದೇ 2023ರ ಅಕ್ಟೋಬರ್‌ನಲ್ಲಿ ಕೊಚ್ಚಿಯಲ್ಲಿ ಅವರು ಇಸ್ರೊ ದಿನಕ್ಕೆ 100ಕ್ಕೂ ಹೆಚ್ಚು ಸೈಬರ್ ದಾಳಿಗಳನ್ನು ಎದುರಿಸುತ್ತಿದೆಯೆಂದು ತಿಳಿಸಿದರು. ಆ ಸಂಖ್ಯೆ ಮಾತ್ರದಿಂದ ನಾಗರಿಕರು ಯಾವ ತೀರ್ಮಾನಕ್ಕೂ ಬರಲಾಗದು, ಏಕೆಂದರೆ ಬಾಗಿಲು ತಟ್ಟಿದ ಪ್ರತಿ ಪ್ರಯತ್ನವನ್ನೂ ಎಣಿಸಿದರೆ ಯಾವ ದೊಡ್ಡ ಸಂಸ್ಥೆಗಾದರೂ ದೊಡ್ಡ ಸಂಖ್ಯೆಯೇ ಬರುತ್ತದೆ. ಯಾವ ಪದರಕ್ಕೆ ಬಂದವು, ಒಂದಾದರೂ ಒಳಹೊಕ್ಕಿತೇ ಎಂಬುದು ತಿಳಿದಾಗಲೇ ಸಂಖ್ಯೆಗೆ ಅರ್ಥ.

ಎಲ್ಲವನ್ನೂ ಹೇಳಿಬಿಟ್ಟರೆ ಮುಂದಿನ ಹ್ಯಾಕರಿಗೆ ದಾರಿ ತೋರಿಸಿದಂತಾಗದೇ ಎಂಬ ಆಕ್ಷೇಪ ಸಹಜ. ಗೂಢಲಿಪಿ ಶಾಸ್ತ್ರದಲ್ಲಿ ಇದಕ್ಕೆ 1883ರಲ್ಲೇ ಡಚ್ ಮೂಲದ ಆಗಸ್ಟ್ ಕೆರ್ಕ್‌ಹಾಫ್ಸ್ ಉತ್ತರ ಕೊಟ್ಟಿದ್ದರು: ವ್ಯವಸ್ಥೆಯ ರಚನೆ ಶತ್ರುವಿಗೆ ಗೊತ್ತಾದರೂ ಅದು ಸುರಕ್ಷಿತವಾಗಿರಬೇಕು, ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ಬೀಗ ಹೇಗೆ ಕೆಲಸ ಮಾಡುತ್ತದೆಂದು ಬೀಗ ಮಾಡುವವರಿಗೆಲ್ಲ ಗೊತ್ತಿದ್ದರೂ ಮನೆ ಭದ್ರವಾಗಿರುವುದು ಇದೇ ಕಾರಣಕ್ಕೆ. ಉಪಗ್ರಹಗಳಿಗೆ ಆಜ್ಞೆ ಕಳಿಸುವ ವಿಧಾನಗಳ ಅಂತರರಾಷ್ಟ್ರೀಯ ಮಾನದಂಡಗಳೂ ಇಂದು ಮುಕ್ತವಾಗಿಯೇ ಪ್ರಕಟವಾಗುತ್ತವೆ. ಅಮೆರಿಕದ ವಾಯುಪಡೆ ಮತ್ತು ಬಾಹ್ಯಾಕಾಶ ಪಡೆ 2023ರಲ್ಲಿ 'ಮೂನ್‌ಲೈಟರ್' ಎಂಬ ಪುಟ್ಟ ಉಪಗ್ರಹವನ್ನು ಕಕ್ಷೆಯಲ್ಲಿ ಇಟ್ಟು, ಅದಕ್ಕೆ ಕನ್ನ ಹಾಕಿ ತೋರಿಸುವಂತೆ ಹ್ಯಾಕರ್ ತಂಡಗಳಿಗೆ ಬಹಿರಂಗ ಸ್ಪರ್ಧೆಯನ್ನೇ ಏರ್ಪಡಿಸಿದವು. ದೋಷಗಳು ಸ್ನೇಹಿತರ ಕಣ್ಣಿಗೆ ಮೊದಲು ಬೀಳಲಿ ಎಂಬುದು ಅದರ ಹಿಂದಿನ ತರ್ಕ.

ದೋಷ ಕಂಡವರು ಅದನ್ನು ತಿಳಿಸುವುದಕ್ಕೂ ಈಗ ನ್ಯಾಯಸಮ್ಮತ ದಾರಿಯಿದೆ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ನಾಸಾ ಸೇರಿದಂತೆ ನಾಗರಿಕ ಇಲಾಖೆಗಳೆಲ್ಲ ದೋಷ ವರದಿಯ ನೀತಿಯೊಂದನ್ನು ಪ್ರಕಟಿಸಬೇಕು. ಸದುದ್ದೇಶದಿಂದ ಪರೀಕ್ಷಿಸಿ ತಿಳಿಸಿದವರ ಮೇಲೆ ಕಾನೂನು ಕ್ರಮಕ್ಕೆ ಮುಂದಾಗುವುದಿಲ್ಲವೆಂದು ಆ ನೀತಿಯಲ್ಲಿ ಮಾತು ಕೊಡಬೇಕು. ಸರಿಪಡಿಸಲು ನ್ಯಾಯವಾದ ಕಾಲಾವಕಾಶ ಕೇಳಬಹುದೇ ಹೊರತು, ತಾವು ಕಂಡದ್ದನ್ನು ಆಮೇಲೆ ಜಗತ್ತಿಗೆ ಹೇಳದಂತೆ ಅವರನ್ನು ಕಟ್ಟಿಹಾಕುವಂತಿಲ್ಲ. ಮ್ಯಾಕಿನನ್ ಕಾಲದಲ್ಲಿ ಇಂಥ ದಾರಿಯೇ ಇರಲಿಲ್ಲ.

ದೋಷಗಳ ವಿಷಯದಲ್ಲಿ ಇಷ್ಟು ಮುಂದೆ ಬಂದಿರುವ ನಿಯಮಗಳು ನಡೆದುಹೋದ ಕನ್ನಗಳ ವಿಷಯದಲ್ಲಿ ಹಿಂದುಳಿದಿವೆ. ದೊಡ್ಡ ಪ್ರಕರಣವೆಂದು ತೀರ್ಮಾನವಾದ ಏಳು ದಿನಗಳೊಳಗೆ ಅಮೆರಿಕದ ಇಲಾಖೆಗಳು ಕಾಂಗ್ರೆಸ್ಸಿಗೆ ತಿಳಿಸಬೇಕು. ಭಾರತದಲ್ಲಿ 2022ರ ನಿರ್ದೇಶನದಂತೆ ಆರು ಗಂಟೆಗಳೊಳಗೆ ಸರ್ಟ್-ಇನ್ ಎಂಬ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆಗೆ ವರದಿ ಮಾಡಬೇಕು. ಎರಡೂ ಕಡೆ ವರದಿ ಹೋಗುವುದು ಸರ್ಕಾರದ ಒಂದು ಅಂಗದಿಂದ ಇನ್ನೊಂದಕ್ಕೆ. ಷೇರುಪೇಟೆಯಲ್ಲಿರುವ ಕಂಪನಿಗೆ ಗಂಭೀರವಾದ ಕನ್ನ ಬಿದ್ದರೆ, ಅದು ಗಂಭೀರವೆಂದು ನಿರ್ಧರಿಸಿದ ನಾಲ್ಕು ಕೆಲಸದ ದಿನಗಳಲ್ಲಿ ಹೂಡಿಕೆದಾರರಿಗೆ ಬಹಿರಂಗವಾಗಿ ತಿಳಿಸಬೇಕೆಂದು ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ ವಿಧಿಸಿದೆ. ಬಾಹ್ಯಾಕಾಶ ಸಂಸ್ಥೆಗೆ ಹಣ ಹೂಡಿರುವ ನಾಗರಿಕರಿಗೆ ಆ ಹಕ್ಕಿನ ಸಮಾನವಾದದ್ದು ಇಲ್ಲ.

ಅದು ಅಸಾಧ್ಯವೇನಲ್ಲ ಎಂಬುದಕ್ಕೆ ಜಪಾನಿನ ಜಾಕ್ಸಾ ಸಂಸ್ಥೆಯ ಉದಾಹರಣೆ ಕಣ್ಣಮುಂದಿದೆ. 2023ರಲ್ಲಿ ಅದರ ಕಚೇರಿ ಜಾಲಕ್ಕೆ ಕನ್ನ ಬಿದ್ದದ್ದನ್ನು ಅದಕ್ಕೆ ತಿಳಿಸಿದ್ದೇ ಹೊರಗಿನ ಸಂಸ್ಥೆ. ಸುದ್ದಿ ಬಹಿರಂಗವಾದದ್ದು ನವೆಂಬರ್ ಕೊನೆಯಲ್ಲಿ. 2024ರ ಜುಲೈನಲ್ಲಿ ಜಾಕ್ಸಾ ತನ್ನ ತನಿಖೆಯ ಫಲಿತಾಂಶವನ್ನು ಪ್ರಕಟಿಸಿತು. ದೂರದಿಂದ ಕೆಲಸ ಮಾಡುವವರಿಗಾಗಿ ಇಟ್ಟಿದ್ದ ವಿಪಿಎನ್ ಉಪಕರಣದ ದೋಷದಿಂದ ದಾಳಿ ಆರಂಭವಾದದ್ದು, ಅಲ್ಲಿಂದ ಸಿಬ್ಬಂದಿಯ ಖಾತೆಗಳನ್ನು ಹಿಡಿದು ಮೈಕ್ರೋಸಾಫ್ಟ್ 365 ಸೇವೆಯವರೆಗೆ ಸಾಗಿದ್ದು, ಹೊರಗಿನ ಸಂಸ್ಥೆಗಳೊಂದಿಗೆ ಹಂಚಿಕೊಂಡಿದ್ದ ಮಾಹಿತಿ ಮತ್ತು ವೈಯಕ್ತಿಕ ವಿವರಗಳು ಸೋರಿದ್ದು, ರಾಕೆಟ್ ಮತ್ತು ಉಪಗ್ರಹಗಳ ಸೂಕ್ಷ್ಮ ಮಾಹಿತಿ ಬೇರೆ ಜಾಲದಲ್ಲಿದ್ದ ಕಾರಣ ಉಳಿದದ್ದು, ಆ ವರ್ಷದ ಜನವರಿಯ ನಂತರವೂ ದಾಳಿಗಳು ಮುಂದುವರಿದದ್ದು, ಇವೆಲ್ಲ ಅದರಲ್ಲಿವೆ. ಯಾವ ಪಾಸ್‌ವರ್ಡೂ, ಯಾವ ನಕ್ಷೆಯೂ ಅದರಲ್ಲಿಲ್ಲ. ಸಂಸದರಾಗಲಿ ಪತ್ರಕರ್ತರಾಗಲಿ ಪಾಲುದಾರ ವಿಶ್ವವಿದ್ಯಾಲಯದ ಎಂಜಿನಿಯರಾಗಲಿ ಮುಂದಿನ ಪ್ರಶ್ನೆ ಕೇಳಲು ಬೇಕಾದಷ್ಟು ವಿವರ ಅಲ್ಲಿದೆ. ದಾಳಿ ತಿಳಿದು ಒಂಬತ್ತು ತಿಂಗಳಲ್ಲಿ ಒಂದು ಸಂಸ್ಥೆಗೆ ಇದು ಸಾಧ್ಯವಾಗಿರುವಾಗ, ಉಳಿದ ಸಂಸ್ಥೆಗಳಿಗೂ ಅಂಥದೇ ಒಂದು ಗಡುವನ್ನು ಕಾನೂನಿನಲ್ಲೇ ಬರೆಯಬೇಕೆಂದು ಕೇಳುವುದಕ್ಕೆ ಯಾರೂ ಕನ್ನ ಹಾಕಬೇಕಾಗಿಲ್ಲ.